ಮ್ಯೂಸಿಯಂ ಕಾರ್ಯಕ್ರಮ ತಪ್ಪಿಸಿಕೊಳ್ಳದಿರಲು

ಮೈಸೂರಿನ ಮ್ಯೂಸಿಯಂಗಳ ಪ್ರದರ್ಶನ, ಶಿಬಿರಗಳ ಸುದ್ದಿಗೆ ಪೇಪರ್ ಕಾಯಬೇಡಿ. ನಾಲ್ಕು ದಿನಾಂಕಗಳನ್ನು ಫೋನಿನಲ್ಲಿ ಹಾಕಿಟ್ಟು, ಪ್ರತಿಯೊಂದಕ್ಕೂ ಹತ್ತು ದಿನ ಮುಂಚೆ ಅಲಾರಂ ಇಡಿ: ಏಪ್ರಿಲ್ 18 ವಿಶ್ವ ಪರಂಪರೆ ದಿನ, ಮೇ 18 ಮ್ಯೂಸಿಯಂ ದಿನ, ಜೂನ್ 5 ಪರಿಸರ ದಿನ, ಅಕ್ಟೋಬರ್ 2ರಿಂದ 8ರ ವನ್ಯಜೀವಿ ಸಪ್ತಾಹ. ಅಲಾರಂ ಹೊಡೆದಾಗ ಮ್ಯೂಸಿಯಂಗೆ ಒಂದು ಫೋನ್ ಮಾಡಿ. ಕಾರ್ಯಕ್ರಮಗಳು ಹೆಚ್ಚಾಗಿ ಈ ದಿನಗಳ ಸುತ್ತಲೇ ಬೀಳುತ್ತವೆ. ‘ನಗರದಲ್ಲಿ ಇಂದು’ ಅಂಕಣದಲ್ಲಿ ಬರುವ ಹೊತ್ತಿಗೆ ಮಕ್ಕಳ ಚಿತ್ರ ಸ್ಪರ್ಧೆಗೆ ಹೆಸರು ಕೊಡುವುದು ಮುಗಿದಿರುತ್ತದೆ, ಅಲ್ವಾ? ಪರಿಸರ, ವನ್ಯಜೀವಿ ಅಂದರೆ ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ವಿಜ್ಞಾನ ಮ್ಯೂಸಿಯಂ ಕೇಳಿ. ಬುಡಕಟ್ಟು ಕಲೆ, ಕೈಕಸುಬು ಅಂದರೆ ಇರ್ವಿನ್ ರಸ್ತೆಯ ವೆಲ್ಲಿಂಗ್ಟನ್ ಹೌಸ್‌ನಲ್ಲಿರುವ ಮಾನವ ಸಂಗ್ರಹಾಲಯ. ‘ಏನಾದ್ರೂ ಇದೆಯಾ?’ ಅಂತ ಕೇಳಿದರೆ ‘ಇಲ್ಲ’ ಅಂದುಬಿಡುತ್ತಾರೆ. ‘ಮಕ್ಕಳಿಗೆ ಏನಿದೆ, ಹೆಸರು ಯಾವಾಗ ಕೊಡಬೇಕು?’ ಅಂತಲೇ ಕೇಳಿ. ಸೋಮವಾರ ಮಾತ್ರ ಬೇಡ, ಸುಮ್ನೆ ರಿಂಗ್ ಆಗುತ್ತಿರುತ್ತದೆ. ಹೊರಗಿನಿಂದ ಬರುವ ತಾತ್ಕಾಲಿಕ ಪ್ರದರ್ಶನಗಳಿಗೆ ಈ ಉಪಾಯ ನಡೆಯುವುದಿಲ್ಲ, ಅವಕ್ಕೆ ದಿನಾಂಕದ ಹಂಗಿಲ್ಲ. ಅಂಥವಕ್ಕೆ ಗೇಟಿನ ಬ್ಯಾನರ್ ನೋಡುವುದೇ ದಾರಿ. ದಸರಾ ಸಮಯದಲ್ಲೂ ಅಷ್ಟೇ, ಆಗ ಹಬ್ಬದ ದಿನ ನೋಡಿಕೊಂಡೇ ಎಲ್ಲ ನಡೆಯುವುದು.