ಬೆಳಗಿನ ಗಡಿಬಿಡಿ ಕಮ್ಮಿ ಮಾಡೋದು ಹೇಗೆ? ಹಿಂದಿನ ರಾತ್ರಿಯೇ ಶುರು ಮಾಡಿ

ಐದು ಗಂಟೆಗೆ ಎದ್ದರೆ ಬದುಕೇ ಬದಲಾಗುತ್ತದೆ ಅನ್ನುವ ವಿಡಿಯೋಗಳನ್ನು ಸ್ವಲ್ಪ ಬದಿಗಿಡಿ. ಹಾಸನದ ಡಿಸೆಂಬರ್ ಚಳಿಯಲ್ಲಿ ಅಷ್ಟೊತ್ತಿಗೆ ಎದ್ದು, ತಣ್ಣೀರು ಸುರಿದುಕೊಂಡು, ದಿನಚರಿ ಬರೆದು, ಧ್ಯಾನಕ್ಕೆ ಕೂತು, ಆಮೇಲೆ ಎಂಟೂಕಾಲಿನ ಬಸ್ಸಿಗೆ ಓಡುವುದರಲ್ಲಿ ಯಾವ ನೆಮ್ಮದಿಯೂ ಇಲ್ಲ. ಇದ್ದ ಕೆಲಸದ ಮೇಲೆ ಇನ್ನು ನಾಲ್ಕು ಕೆಲಸ, ಅಷ್ಟೇ. ಹೊಸದನ್ನು ಸೇರಿಸುವ ಬದಲು, ಬೆಳಿಗ್ಗೆ ಮಾಡುತ್ತಿರುವ ಯಾವ ಕೆಲಸವನ್ನು ಬೇರೆ ಹೊತ್ತಿಗೆ ತಳ್ಳಬಹುದು ಅಂತ ಮೊದಲು ನೋಡಿ.

ಲೆಕ್ಕ ಹಿಂದಿನಿಂದ ಹಾಕಿ

ಎಲ್ಲರ ಮನೆಯಲ್ಲೂ ಅಲ್ಲಾಡಿಸಲಾಗದ ಒಂದು ಹೊತ್ತು ಇರುತ್ತದೆ. ಪೇಟೆಯವರಿಗೆ ಸ್ಕೂಲ್ ವ್ಯಾನು, ಹಸು ಕಟ್ಟಿದವರಿಗೆ ಹಾಲಿನ ಡೇರಿ, ತೋಟದವರಿಗೆ ಕೆಲಸದವರು ಬರುವ ಸಮಯ. ಅದನ್ನು ಒಂದು ಚೀಟಿಯ ಕೆಳಗೆ ಬರೆದು ಅಲ್ಲಿಂದ ಮೇಲಕ್ಕೆ ಬನ್ನಿ. 8.15ಕ್ಕೆ ಮನೆ ಬಿಡಬೇಕು ಅಂತಿಟ್ಟುಕೊಳ್ಳಿ. ತಿಂಡಿ ತಿನ್ನಲು 20 ನಿಮಿಷ, ಸ್ನಾನ ಮತ್ತು ಬಟ್ಟೆಗೆ 30, ಅಡುಗೆಗೆ 45, ಕಾಫಿಗೆ 15. ಇದರ ಮೇಲೆ ಯಾವ ಕೆಲಸಕ್ಕೂ ಸೇರದ 20 ನಿಮಿಷ ಇಡಿ. ಸಿಲಿಂಡರ್ ಖಾಲಿಯಾಗೋದು, ಮಗನ ಒಂದು ಸಾಕ್ಸ್ ಕಾಣೆಯಾಗೋದು ಇದೇ ಹೊತ್ತಲ್ಲಿ ಅಲ್ವಾ? ಒಟ್ಟು 130 ನಿಮಿಷ. ಅಂದರೆ 6.05ಕ್ಕೆ ಎದ್ದರೆ ಸಾಕು. ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು, ಹಾಗಾಗಿ ರಾತ್ರಿ ಹತ್ತೂವರೆಗೆ ಲೈಟ್ ಆರಬೇಕು. ಇಷ್ಟು ಹೊಂದಿಸದೆ ಅಲಾರಂ ಮಾತ್ರ ಹಿಂದಕ್ಕೆ ತಂದರೆ ನಾಲ್ಕನೇ ದಿನಕ್ಕೆ ಕೈಬಿಡುತ್ತೀರಿ.

ರಾತ್ರಿಯ ಅರ್ಧ ಗಂಟೆ

ಇದೇ ಮುಖ್ಯವಾದ ಕೆಲಸ. ಬೆಳಿಗ್ಗೆ ತಲೆ ಕೆಡೋದು ಹುಡುಕಾಟದಿಂದ, ಮತ್ತೆ 'ಏನು ಮಾಡಲಿ' ಅನ್ನುವ ಪ್ರಶ್ನೆಯಿಂದ. ಎರಡನ್ನೂ ರಾತ್ರಿಯೇ ಮುಗಿಸಿ. ಬಟ್ಟೆ, ಬ್ಯಾಗು, ಗಾಡಿ ಕೀ, ಹೆಲ್ಮೆಟ್ ಒಂದೇ ಕಡೆ ಇಡಿ. ತಿಂಡಿ ಏನು ಅಂತ ತೀರ್ಮಾನ ಮಾಡಿ, ತರಕಾರಿ ಹೆಚ್ಚಿ, ಕಾಯಿ ತುರಿದು ಫ್ರಿಜ್ಜಿಗೆ ಹಾಕಿ. ದೋಸೆ ಅಂತಾದರೆ ನಮ್ಮ ಕಡೆ ಒಂದು ತೊಡಕಿದೆ. ಚಳಿಗಾಲದಲ್ಲಿ ರಾತ್ರಿ ರುಬ್ಬಿದ ಹಿಟ್ಟು ಬೆಳಿಗ್ಗೆಗೆ ಉಬ್ಬುವುದಿಲ್ಲ. ಮಧ್ಯಾಹ್ನವೇ ರುಬ್ಬಿ, ಪಾತ್ರೆಯನ್ನು ಒಲೆಯ ಹತ್ತಿರ ಬೆಚ್ಚಗಿರುವ ಕಡೆ ಇಡಿ. ಅದಾಗದಿದ್ದರೆ ಅಕ್ಕಿರೊಟ್ಟಿಯೋ ಉಪ್ಪಿಟ್ಟೋ ಮಾಡಿ ಸುಮ್ಮನಾಗಿ. ಬಚ್ಚಲಲ್ಲಿ ಹಂಡೆ ಇರುವವರು ನೀರು ತುಂಬಿಸಿ ಒಣ ಸೌದೆ ಜೋಡಿಸಿಟ್ಟರೆ ಬೆಳಿಗ್ಗೆ ಬೆಂಕಿ ಹಚ್ಚುವುದಷ್ಟೇ ಉಳಿಯುತ್ತದೆ.

ಇನ್ನೊಂದು ಮಾತು ಗಂಡಸರಿಗೆ. ಬಹಳಷ್ಟು ಮನೆಗಳಲ್ಲಿ ಯಜಮಾನರು ಪೇಪರ್ ಹಿಡಿದು ನಿಧಾನವಾಗಿ ಕಾಫಿ ಕುಡಿಯುತ್ತಿರುತ್ತಾರೆ, ಒಳಗೆ ಒಬ್ಬರೇ ಹೆಂಗಸು ಎರಡು ಒಲೆ, ಮೂರು ಡಬ್ಬಿ, ಮಕ್ಕಳ ಜಡೆ ಅಂತ ಒದ್ದಾಡುತ್ತಿರುತ್ತಾರೆ. ಅದು ಒಬ್ಬರ ಆರಾಮವೇ ಹೊರತು ಮನೆಯ ನೆಮ್ಮದಿ ಅಲ್ಲ. ರಾತ್ರಿಯ ಈ ಅರ್ಧ ಗಂಟೆ ಕೆಲಸವನ್ನು ಹಂಚಿಕೊಳ್ಳಿ. ಕಾಯಿ ತುರಿಯೋಕೆ ಯಾರ ಕೈಯಾದರೂ ಆಗುತ್ತದೆ.

ಎದ್ದ ಕೂಡಲೇ

ಒಂದೇ ಅಲಾರಂ ಇಡಿ, ಅದೂ ಕೈಗೆ ಎಟುಕದಷ್ಟು ದೂರ. 'ಇನ್ನೈದು ನಿಮಿಷ' ಅಂತ ಮತ್ತೆ ಮತ್ತೆ ಮಲಗುವುದರಿಂದ ಸಿಗೋದು ಚೂರುಚೂರು ನಿದ್ದೆ. ಎದ್ದ ಮೇಲೆ ಹದಿನೈದು ನಿಮಿಷದಿಂದ ಅರ್ಧ ಗಂಟೆ ಮಂಕು ಇರುವುದು ಸಹಜ, ಮಿದುಳು ಪೂರ್ತಿ ಎಚ್ಚರವಾಗಲು ಅಷ್ಟು ಹೊತ್ತು ಬೇಕು. ಆಗ ಲೆಕ್ಕಾಚಾರ, ಜಗಳ, ದುಡ್ಡಿನ ಮಾತು ಯಾವುದನ್ನೂ ಎತ್ತಬೇಡಿ. ಒಂದು ಲೋಟ ಬೆಚ್ಚನೆ ನೀರು ಕುಡಿದು ಕಿಟಕಿ ತೆಗೆಯಿರಿ, ಇಲ್ಲವೇ ಶಾಲು ಹೊದ್ದು ಅಂಗಳಕ್ಕೆ ಬನ್ನಿ. ಬೆಳಕು ಕಣ್ಣಿಗೆ ಬಿದ್ದರೆ ನಿದ್ದೆ ತರಿಸುವ ಮೆಲಟೋನಿನ್ ಕಮ್ಮಿಯಾಗುತ್ತದೆ, ರಾತ್ರಿ ಸರಿಯಾದ ಹೊತ್ತಿಗೆ ನಿದ್ದೆ ಬರಲಿಕ್ಕೂ ಅದೇ ಸಹಾಯ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಆರು ಗಂಟೆಯ ಹೊತ್ತಿಗೆ ಸೂರ್ಯ ಹುಟ್ಟಿದರೆ ಜನವರಿಯಲ್ಲಿ ಹತ್ತಿರ ಹತ್ತಿರ 6.50 ಆಗುತ್ತದೆ. ಹಾಗಾಗಿ ಚಳಿಗಾಲದಲ್ಲಿ ಅರ್ಧ ಗಂಟೆ ತಡವಾಗಿ ಏಳಬೇಕು ಅನಿಸಿದರೆ, ಮತ್ತು ನಿಮ್ಮ ಬಸ್ಸು ಒಪ್ಪಿದರೆ, ಬೇಜಾರು ಮಾಡಿಕೊಳ್ಳಬೇಡಿ.

ಚಳಿಯ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಕಿಟಕಿ ಮುಚ್ಚಿ ಸ್ನಾನ ಮಾಡಲೇಬೇಡಿ. ಗಾಳಿ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಜೀವಕ್ಕೇ ಅಪಾಯ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುವುದೂ ಅಷ್ಟೇ.

ಕಾಫಿ

ಕಾಫಿ ಬಿಡಿ ಅಂತ ಚಿಕ್ಕಮಗಳೂರು, ಹಾಸನದವರಿಗೆ ಹೇಳುವ ಧೈರ್ಯ ನನಗಿಲ್ಲ. ರಾತ್ರಿಯೇ ಡಿಕಾಕ್ಷನ್ ಇಳಿಸಿಟ್ಟರೆ ಸಮಯ ಉಳಿಯುತ್ತದೆ ನಿಜ, ಆದರೆ ಘಮ ಹೋಗುತ್ತದೆ. ನನ್ನ ಪ್ರಕಾರ ಫಿಲ್ಟರಿಗೆ ಪುಡಿ ಹಾಕಿ, ಬಿಲ್ಲೆಯಿಂದ ಮೆಲ್ಲಗೆ ಅದುಮಿ, ಮುಚ್ಚಳ ಮುಚ್ಚಿ ಮಲಗಿ. ಬೆಳಿಗ್ಗೆ ನೀರು ಕುದಿಸಿ ಒಂದರ್ಧ ನಿಮಿಷ ಬಿಟ್ಟು ಹುಯ್ಯಿರಿ. ಇಳಿಯಲು ಹದಿನೈದು ನಿಮಿಷ ಬೇಕು, ಮುಖ ತೊಳೆದು ಅಂಗಳಕ್ಕೆ ಹೋಗಿ ಬರುವಷ್ಟರಲ್ಲಿ ಆಗಿರುತ್ತದೆ. ಕೂತು ಕುಡಿಯಿರಿ, ಫೋನ್ ಇಲ್ಲದೆ. ಅಂದಹಾಗೆ ಬೆಳಗನ್ನು ಕೆಡಿಸುವುದು ಬೆಳಗಿನ ಕಾಫಿಯಲ್ಲ, ಸಂಜೆಯದು. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆ ಆದಮೇಲೂ ಮೈಯಲ್ಲೇ ಇರುತ್ತದೆ. ಆರು ಗಂಟೆಗೆ ಸ್ಟ್ರಾಂಗ್ ಕಾಫಿ ಕುಡಿದು ಹನ್ನೊಂದಕ್ಕೆ ನಿದ್ದೆ ಬರಲಿಲ್ಲ ಅಂದರೆ ಇನ್ನೇನು?

ಫೋನು, ರೇಡಿಯೋ, ಆನೆ

ಫೋನನ್ನು ಮಲಗುವ ಕೋಣೆಯಿಂದ ಆಚೆ ಚಾರ್ಜಿಗೆ ಹಾಕಿ. ಗುಡ್ ಮಾರ್ನಿಂಗ್ ಚಿತ್ರಗಳು ಒಂಬತ್ತು ಗಂಟೆಗೂ ಅಲ್ಲೇ ಇರುತ್ತವೆ. ಸುದ್ದಿ ಬೇಕೇಬೇಕು ಅನ್ನುವವರು ಹಾಸನ ಆಕಾಶವಾಣಿ ಹಾಕಿಕೊಳ್ಳಿ, ಕೈ ಕೆಲಸ ನಿಲ್ಲುವುದಿಲ್ಲ. ಆದರೆ ಈ ನಿಯಮಕ್ಕೆ ಒಂದು ರಿಯಾಯಿತಿ ಇದೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟದ ದಾರಿಯಲ್ಲಿ ಹೋಗುವವರು ಅರಣ್ಯ ಇಲಾಖೆಯವರ ಆನೆ ಮೆಸೇಜ್ ನೋಡಿಯೇ ಹೊರಗೆ ಕಾಲಿಡಿ. ಮಂಜು ಮುಸುಕಿದ ಮಬ್ಬುಗತ್ತಲಲ್ಲಿ ವಾಕಿಂಗ್ ಖಂಡಿತ ಬೇಡ.

ಪೇಟೆಯವರಿಗೆ ಆ ತಾಪತ್ರಯ ಇಲ್ಲ. ಹಾಸನದಲ್ಲಿ ಮಹಾರಾಜ ಪಾರ್ಕ್, ಚಿಕ್ಕಮಗಳೂರಲ್ಲಿ ರತ್ನಗಿರಿ ಬೋರೆ ಇದೆ. ಹತ್ತು ಹದಿನೈದು ನಿಮಿಷ ನಡೆದರೂ ಸಾಕು. ಅದೂ ಆಗದ ದಿನ ಕೂತಲ್ಲೇ ನಿಧಾನ ಉಸಿರಾಡಿ, ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ಬಿಡುವ ಉಸಿರು ಉದ್ದವಾದರೆ ಎದೆಬಡಿತ ನಿಧಾನವಾಗುತ್ತದೆ.

ನೆಂಟರು ಬಂದಾಗ, ಮಳೆಗಾಲದಲ್ಲಿ ಕರೆಂಟ್ ಹೋದಾಗ ಇದೆಲ್ಲ ನಡೆಯಲ್ಲ. ಆಗ ನೀರು, ಬೆಳಕು, ಕೂತು ಕುಡಿಯುವ ಕಾಫಿ ಇಷ್ಟನ್ನೇ ಉಳಿಸಿಕೊಳ್ಳಿ. ಮೊದಲ ವಾರ ಎಲ್ಲವನ್ನೂ ಒಟ್ಟಿಗೆ ಹಿಡಿಯಲೂ ಹೋಗಬೇಡಿ, ರಾತ್ರಿ ಕೆಲಸ ಒಂದನ್ನೇ ಮಾಡಿ ನೋಡಿ. ಭಾನುವಾರ ಜಾಸ್ತಿ ಮಲಗಬೇಕು ಅನಿಸಿದರೂ ಮಾಮೂಲಿಗಿಂತ ಒಂದು ಗಂಟೆಯೊಳಗೆ ಎದ್ದುಬಿಡಿ, ಇಲ್ಲದಿದ್ದರೆ ಆ ರಾತ್ರಿ ನಿದ್ದೆ ಬರದೆ ಸೋಮವಾರ ಕೆಡುತ್ತದೆ. ಸಾಲದ ನಿದ್ದೆಯನ್ನು ಮಧ್ಯಾಹ್ನ ಊಟ ಆದಮೇಲೆ 20 ನಿಮಿಷ ಮಲಗಿ ತೀರಿಸಿಕೊಳ್ಳಿ.