ಚಿತ್ರವನ್ನು ಹಿಗ್ಗಿಸುವ ಮುನ್ನ ಇಂಟರ್‌ಪೊಲೇಷನ್ ಅರಿಯಿರಿ

ಮೊಬೈಲಿಗೆ ಬಂದ 640×480 ಪಿಕ್ಸೆಲ್‌ಗಳ ಹಳೆಯ ಮದುವೆ ಫೋಟೋವೊಂದನ್ನು ಎ4 ಹಾಳೆಯ ತುಂಬ ಮುದ್ರಿಸಬೇಕಾಗಿದೆ ಎಂದುಕೊಳ್ಳೋಣ. ಇಂಚಿಗೆ 300 ಪಿಕ್ಸೆಲ್‌ಗಳ ಲೆಕ್ಕದಲ್ಲಿ ಆ ಹಾಳೆಗೆ 3508×2480 ಪಿಕ್ಸೆಲ್‌ಗಳು ಬೇಕು. ಅಷ್ಟು ದೂರ ಹೋಗದೆ ಉದ್ದಗಲಗಳನ್ನು ನಾಲ್ಕು ಪಟ್ಟು ಮಾತ್ರ ಹಿಗ್ಗಿಸಿದರೂ, ಪ್ರತಿ 16 ಪಿಕ್ಸೆಲ್‌ಗಳಲ್ಲಿ 15 ಪಿಕ್ಸೆಲ್‌ಗಳು ಕ್ಯಾಮೆರಾ ಕಂಡವಲ್ಲ. ಅಕ್ಕಪಕ್ಕದ ಬಣ್ಣಗಳಿಂದ ತಂತ್ರಾಂಶವು ಲೆಕ್ಕಹಾಕಿ ತುಂಬಿದವು. ಈ ತುಂಬುವಿಕೆಯೇ ಇಂಟರ್‌ಪೊಲೇಷನ್.

ಚಿತ್ರ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ಮೊದಲು ಮೂಲ ಕಡತದ ಪ್ರತಿ ಮಾಡಿಕೊಂಡು, ‘ಇಮೇಜ್’ ಮೆನುವಿನ ‘ಸ್ಕೇಲ್ ಇಮೇಜ್’ ತೆರೆಯಿರಿ. ಅಗಲ, ಎತ್ತರಗಳ ನಡುವಿನ ಸರಪಳಿ ಚಿಹ್ನೆ ಕೂಡಿಕೊಂಡಿರಲಿ. ಬಿಟ್ಟಿದ್ದರೆ ಮುಖಗಳು ಜಗ್ಗಿಹೋಗುತ್ತವೆ. ಅಲ್ಲಿಯೇ ಕೆಳಗೆ ಇಂಟರ್‌ಪೊಲೇಷನ್ ವಿಧಾನವನ್ನು ಆರಿಸಬೇಕು.

ಒಂದರ ಪಕ್ಕ ಒಂದಿರುವ ಎರಡು ಪಿಕ್ಸೆಲ್‌ಗಳ ಬೆಳಕಿನ ಮೌಲ್ಯ (0 ಎಂದರೆ ಕಪ್ಪು, 255 ಎಂದರೆ ಬಿಳಿ) 100 ಮತ್ತು 200 ಎಂದಿರಲಿ. ‘ನನ್’ (None) ಆಯ್ಕೆಯು ನಡುವಿನ ಹೊಸ ಪಿಕ್ಸೆಲ್‌ಗೆ ಹತ್ತಿರದ ಮೌಲ್ಯವನ್ನೇ ನಕಲು ಮಾಡುವುದರಿಂದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಫೋಟೋಗೆ ಇದು ಸಲ್ಲದು, ಆದರೆ ಕ್ಯೂಆರ್ ಕೋಡನ್ನು ಎರಡು, ಮೂರು ಹೀಗೆ ಪೂರ್ಣ ಪಟ್ಟುಗಳಲ್ಲಿ ದೊಡ್ಡದು ಮಾಡಲು ಇದಕ್ಕಿಂತ ಒಳ್ಳೆಯದಿಲ್ಲ. ‘ಲೀನಿಯರ್’ ಸುತ್ತಲಿನ ನಾಲ್ಕು ಪಿಕ್ಸೆಲ್‌ಗಳನ್ನು ನೋಡಿ 150 ಎಂದು ಇಡುತ್ತದೆ, ಹಾಗಾಗಿ ಅಂಚು ಮಸುಕಾಗುತ್ತದೆ. ‘ಕ್ಯೂಬಿಕ್’ ಹದಿನಾರನ್ನು ನೋಡುತ್ತದೆ. ಫೋಟೋಗಳಿಗೆ ನಾನು ಆರಿಸುವುದು ಇದನ್ನೇ. ಆದರೂ ಕಪ್ಪು ಅಕ್ಷರವೂ ಬಿಳಿ ಗೋಡೆಯೂ ಸೇರುವಲ್ಲಿ ಅದು ಮೌಲ್ಯವನ್ನು ಮಿತಿಮೀರಿ ಏರಿಳಿಸಿ, ಅಂಚಿನುದ್ದಕ್ಕೂ ತೆಳುವಾದ ಗೆರೆಯೊಂದನ್ನು ಮೂಡಿಸುವುದುಂಟು.

ಫೋಟೋದಲ್ಲಿ ಹಿನ್ನೆಲೆಗೆ ಕಾಣುವ ಫಲಕದಲ್ಲಿ ‘ಕ್ಷ್ಮಿ’ಯ ಒತ್ತಕ್ಷರಗಳು ಒಂದೆರಡು ಪಿಕ್ಸೆಲ್‌ಗಳಲ್ಲಿ ಕಲಸಿಹೋಗಿದ್ದರೆ, ಯಾವ ವಿಧಾನವೂ ಅವನ್ನು ಬಿಡಿಸಿ ಕೊಡಲಾರದು. ಕಡತ ಚಿಕ್ಕದಾಗಲೆಂದು ಚಿತ್ರವನ್ನು ಒತ್ತಿಡುವ ಜೆಪೆಗ್‌ನ ಚೌಕಳಿ ಕಲೆಗಳು ಮಾತ್ರ ಚಿತ್ರದ ಜೊತೆಗೇ ದೊಡ್ಡವಾಗುತ್ತವೆ. ಕುಗ್ಗಿಸುವಾಗಿನ ತೊಡಕು ಬೇರೆ: ಇಳಕಲ್ ಸೀರೆಯ ಸಣ್ಣ ಚೌಕಳಿಯಂಥ ನೇಯ್ಗೆಯಲ್ಲಿ, ಬಿಟ್ಟುಹೋದ ಪಿಕ್ಸೆಲ್‌ಗಳ ಸರಾಸರಿ ಲೆಕ್ಕಕ್ಕೆ ಬಾರದಿದ್ದರೆ, ಬಟ್ಟೆಯಲ್ಲಿ ಇಲ್ಲದ ಅಲೆಗಳು ಏಳುತ್ತವೆ.

ಮನೆಯ ಆಲ್ಬಮ್ಮಿನಲ್ಲಿ ಅದೇ ಫೋಟೋದ 4×6 ಇಂಚಿನ ಪ್ರತಿ ಇದ್ದರೆ ಹಿಗ್ಗಿಸುವ ಗೊಡವೆಯೇ ಬೇಡ; 600 ಡಿಪಿಐಗೆ (ಇಂಚಿಗೆ 600 ಚುಕ್ಕೆಗಳಂತೆ) ಸ್ಕ್ಯಾನ್ ಮಾಡಿದರೆ 2400×3600 ಪಿಕ್ಸೆಲ್‌ಗಳು ನೇರವಾಗಿ ಸಿಗುತ್ತವೆ. ಪ್ರತಿ ಇಲ್ಲದಿದ್ದರೆ, ಇಂಚಿಗೆ 150 ಪಿಕ್ಸೆಲ್‌ಗಳಿಗೆ ಇಳಿದು, ಸುಮಾರು ನಾಲ್ಕೂಕಾಲು ಇಂಚು ಅಗಲದ ಮುದ್ರಣಕ್ಕೆ ಒಪ್ಪಿಕೊಳ್ಳುವುದು ಲೇಸು.