ಕಾಫಿ ಕಣವೇ ಆಟದ ಅಂಕಣ: ಕೊಡಗಿನ ಮಳೆ ತಡೆಯುವಂತೆ ಕಟ್ಟುವ ಬಗೆ

ಮನೆ ಹಿಂದೆ ಕಾಫಿ ಒಣಗಿಸುವ ಕಾಂಕ್ರೀಟ್ ಕಣವೇ ಷಟಲ್ ಅಂಕಣವೂ ಆಗುವಂತೆ ಮಾಡಿಸಬೇಕು ಅಂದ ಕೂಡಲೇ ಮಾತು ಬಣ್ಣ, ನೆಟ್, ರಿಂಗ್ ಕಡೆ ಓಡುತ್ತದೆ. ಕೊಡಗಿನಲ್ಲಿ ಮೊದಲು ಆಗಬೇಕಾದ ಮಾತು ನೀರಿನದ್ದು. 60 ಅಡಿ ಉದ್ದ, 30 ಅಡಿ ಅಗಲದ ಕಾಂಕ್ರೀಟ್ ಮೇಲೆ ಒಂದು ದಿನ 100 ಮಿ.ಮೀ. ಮಳೆ ಹೊಯ್ದರೆ ಸುಮಾರು 16,700 ಲೀಟರ್ ನೀರು. ಮಡಿಕೇರಿ, ಭಾಗಮಂಡಲದ ಕಡೆ ಮಳೆಗಾಲದಲ್ಲಿ ಅಂಥ ದಿನಗಳು ಹೊಸತಲ್ಲ. ಅಷ್ಟೂ ನೀರು ಯಾವ ತೋಡಿಗೆ ಹೋಗುತ್ತದೆ ಅನ್ನುವುದು ಇತ್ಯರ್ಥವಾಗದೆ ಗೂಟ ಹೊಡೆಯಬೇಡಿ.

60×30 ಅಡಿಯೇ ಏಕೆ? ಷಟಲ್ ಡಬಲ್ಸ್ ಅಂಕಣ 44×20 ಅಡಿ. ಪಿಕಲ್‌ಬಾಲ್ (ಗಟ್ಟಿ ಬ್ಯಾಟು, ತೂತಿನ ಪ್ಲಾಸ್ಟಿಕ್ ಚೆಂಡಿನ ಆಟ) ಅಂಕಣವೂ ಅಷ್ಟೇ. ಹಿಂದೆ ಎಂಟೆಂಟು ಅಡಿ, ಪಕ್ಕಕ್ಕೆ ಐದೈದು ಅಡಿ ಓಡಾಟಕ್ಕೆ ಸಿಗುತ್ತದೆ. ಒಂದು ತುದಿಗೆ ಬ್ಯಾಸ್ಕೆಟ್‌ಬಾಲ್ ರಿಂಗ್ ನಿಲ್ಲಿಸಬಹುದು, ಫ್ರೀ ಥ್ರೋ ಗೆರೆ ಬೋರ್ಡಿನಿಂದ 15 ಅಡಿ. ಮೂರು ಪಾಯಿಂಟ್‌ನ ಕಮಾನು 6.75 ಮೀಟರ್ ಆದ್ದರಿಂದ ಎರಡೂ ಬದಿ ಕತ್ತರಿಸಿ ಹೋಗುತ್ತದೆ, ಚಿಂತೆ ಬೇಡ. ವಾಲಿಬಾಲ್ ಮಾತ್ರ ಅರೆಬರೆ: 18×9 ಮೀಟರ್ ಅಂಕಣ ಅಂಚಿನಿಂದ ಅಂಚಿಗೆ ಕೂರುತ್ತದೆ, ಓಡಲು ಜಾಗವಿಲ್ಲ. ಷಟಲ್ ಗೆರೆಯೊಳಗೇ ಮೂವರು ಮೂವರು ಆಡಿ. ಹಾಕಿ ಸ್ಟಿಕ್ ಇಲ್ಲದ ಮನೆ ಇಲ್ಲಿ ಕಡಿಮೆ. ಮೇಲಿನ ಬದಿಗೆ 3.66 ಮೀಟರ್ ಉದ್ದ, 46 ಸೆಂ.ಮೀ. ಎತ್ತರದ ಹಲಗೆ ನಿಲ್ಲಿಸಿದರೆ ಗೋಲಿನ ಅಳತೆಯೇ ಸಿಕ್ಕಿತು, ತಪ್ಪಿದ ಚೆಂಡು ಬರೆಗೆ (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆಗೆ) ಬಡಿದು ವಾಪಸ್.

ಅಂಕಣ ಉತ್ತರ-ದಕ್ಷಿಣ ಇರಬೇಕು ಅನ್ನುವುದು ಬಯಲುಸೀಮೆಯ ಸೌಕರ್ಯ. ಇಲ್ಲಿ ಉದ್ದದ ಬದಿ ಗುಡ್ಡಕ್ಕೆ ಅಡ್ಡಲಾಗಿ ಬಂದರೆ ಮಣ್ಣು ಕಡಿಯುವುದು ಕಡಿಮೆ. ಬರೆಯನ್ನು ನೆಟ್ಟಗೆ ಕಡಿದು ಹಾಗೇ ಬಿಡುವುದು ದೊಡ್ಡ ತಪ್ಪು. 2018ರ ಆಗಸ್ಟ್‌ನ ಭೂಕುಸಿತ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಬರೆಗೆ ಇಳಿಜಾರು ಕೊಡಿ, ಅದರ ನೆತ್ತಿಯ ಮೇಲೊಂದು ಅಡ್ಡ ಚರಂಡಿ ತೆಗೆದು ಮೇಲಿನ ನೀರನ್ನು ಅಲ್ಲೇ ತಿರುಗಿಸಿ. ಬರೆ ಆಳೆತ್ತರ ದಾಟುವುದಾದರೆ ಇಂಜಿನಿಯರನ್ನು ಕರೆಸಿ, ಇಲ್ಲವೇ ಜಾಗ ಬದಲಿಸಿ.

ಅರ್ಧ ಕಡಿದು ಅರ್ಧ ತುಂಬಿದ ಜಾಗದಲ್ಲಿ ಬಿರುಕು ಬರುವುದು ಸರಿಯಾಗಿ ಅವೆರಡೂ ಸೇರುವಲ್ಲಿ. ತುಂಬಿದ ಮಣ್ಣು ಕೂರುತ್ತದೆ, ಕಡಿದದ್ದು ಕೂರುವುದಿಲ್ಲ. ಆರಾರು ಇಂಚು ಮಣ್ಣು ಹಾಕಿ, ನೀರು ಚಿಮುಕಿಸಿ, ಪ್ರತಿ ಪದರಕ್ಕೂ ರೋಲರ್‌ನಲ್ಲಿ ದಮ್ಮಸು ಮಾಡಿಸಿ. ಬುಲ್ಡೋಜರ್ ನಾಲ್ಕು ಸಲ ಓಡಾಡಿದ್ದು ದಮ್ಮಸು ಅಲ್ಲ. ಏಪ್ರಿಲ್‌ನಲ್ಲಿ ಮಣ್ಣು ಕೆಲಸ ಮುಗಿಸಿ ಒಂದು ಮಳೆಗಾಲ ಬಿಟ್ಟುಬಿಡಿ, ಕುಸಿದ ಕಡೆ ಮತ್ತೆ ತುಂಬಿಸಿ. ಕಾಂಕ್ರೀಟ್ ಕೆಲಸ ತುಲಾ ಸಂಕ್ರಮಣ ಕಳೆದು ಮಳೆ ಬಿಟ್ಟ ಮೇಲೆ, ಹುತ್ತರಿಯೊಳಗೆ. ಆಮೇಲೆ ಕಾಫಿ ಕೊಯ್ಲು ಹತ್ತಿದರೆ ಆಳು ಸಿಗುವುದಿಲ್ಲ.

ಮಣ್ಣಿನ ಮೇಲೆ ಆರಿಂಚು ವೆಟ್ ಮಿಕ್ಸ್ (ನೀರು ಬೆರೆಸಿದ ಜಲ್ಲಿ, ಜಲ್ಲಿಪುಡಿ), ಅದರ ಮೇಲೆ 250 ಮೈಕ್ರಾನ್ ಪಾಲಿಥೀನ್ ಹಾಳೆ. ಹಾಳೆ ಬಿಟ್ಟರೆ ಕೆಳಗಿನ ತೇವ ಮೇಲೇರಿ ಬಣ್ಣ ಹಪ್ಪಳದಂತೆ ಉಬ್ಬುತ್ತದೆ. ಕಾಂಕ್ರೀಟ್ 4 ಇಂಚು, ಎಂ20, ಅಂದರೆ ಸಿಮೆಂಟ್, ಮರಳು, ಜಲ್ಲಿ 1:1.5:3. ಒಟ್ಟು 600 ಘನ ಅಡಿ. ನಷ್ಟ ಸೇರಿಸಿ 145 ಚೀಲ ಸಿಮೆಂಟ್, 265 ಘನ ಅಡಿ ಎಂ-ಸ್ಯಾಂಡ್, 530 ಘನ ಅಡಿ 20 ಎಂ.ಎಂ. ಜಲ್ಲಿ ತರಿಸಿ. ಚೀಲಕ್ಕೆ 25 ಲೀಟರ್ ನೀರು ದಾಟಬಾರದು. ಮೇಸ್ತ್ರಿ ಕೆಲಸ ಸಲೀಸಾಗಲಿ ಎಂದು ಇನ್ನೊಂದು ಬಕೆಟ್ ಸುರಿಯುತ್ತಾನೆ. ಮುಂದೆ ಮೇಲ್ಮೈ ಪುಡಿಯಾಗಿ ಏಳುವುದು ಆ ಬಕೆಟ್‌ನಿಂದ. 8 ಎಂ.ಎಂ. ಕಂಬಿ 8 ಇಂಚಿಗೊಂದರಂತೆ ಎರಡೂ ಕಡೆ ಕಟ್ಟಿಸಿದರೆ ಸುಮಾರು 700 ಕೆ.ಜಿ. ಆಗುತ್ತದೆ. ಕಂಬಿ ನೆಲಕ್ಕಂಟಿ ಮಲಗಿದ್ದರೆ ಆ ದುಡ್ಡು ದಂಡ, ಕವರ್ ಬ್ಲಾಕ್ ಇಟ್ಟು 2 ಇಂಚು ಮೇಲೆತ್ತಿ.

ವಾಟ (ನೀರು ಹರಿಯಲು ಕೊಡುವ ಇಳಿಜಾರು) 100ಕ್ಕೆ 1. ಅಂದರೆ 30 ಅಡಿ ಅಗಲಕ್ಕೆ ಮೂರೂವರೆ ಇಂಚಿಗೆ ತುಸು ಹೆಚ್ಚು, ಬರೆಯ ಕಡೆಯಿಂದ ಕೆಳಗಿನ ಅಂಚಿಗೆ, ಒಂದೇ ಸಮತಲದಲ್ಲಿ. ನಡುವೆ ಎತ್ತರಿಸಿ ಎರಡೂ ಕಡೆ ಇಳಿಸಿದರೆ ನೆಟ್ ಎತ್ತರವೂ ಕೆಡುತ್ತದೆ, ಆಟವೂ ಕೆಡುತ್ತದೆ. ಕೆಳಗಿನ ಅಂಚಿಗೆ ಒಂದಡಿ ಅಗಲದ ಚರಂಡಿ ಕಟ್ಟಿಸಿ, ತೋಡಿಗೋ ಕೆರೆಗೋ ಮುಟ್ಟಿಸಿ. ತುಂಬಿದ ಮಣ್ಣಿನ ಮುಖದ ಮೇಲೆ ನೀರು ಧುಮುಕಲು ಬಿಟ್ಟರೆ ಎರಡನೇ ಮಳೆಗಾಲದಲ್ಲಿ ಅಂಚಿನ ಕೆಳಗೆ ಟೊಳ್ಳು.

ಮೇಲ್ಮೈ ಕನ್ನಡಿಯಂತೆ ನಯ ಮಾಡಿಸಬೇಡಿ. ಜೂನ್ ಕೊನೆಗೆ ಪಾಚಿ ಕಟ್ಟಿ ಕಾಲು ನಿಲ್ಲುವುದಿಲ್ಲ. ಗಾರೆ ಬಿಗಿಯುವ ಹೊತ್ತಿಗೆ ಮೆತ್ತನೆಯ ಪೊರಕೆಯಲ್ಲಿ ವಾಟದ ದಿಕ್ಕಿಗೇ ಎಳೆಸಿ. ಮರುದಿನದೊಳಗೆ ಕಟರ್‌ನಿಂದ ಹತ್ತಡಿಗೊಂದು ಗೀರು, ಒಂದಿಂಚು ಆಳ; ಗೀರು ಬರುವಲ್ಲಿ ಒಂದು ಬಿಟ್ಟು ಒಂದು ಕಂಬಿಯನ್ನು ಮೊದಲೇ ತುಂಡರಿಸಿರಬೇಕು. ಬಿರುಕು ಹೇಗೂ ಬರುತ್ತದೆ, ಅದಕ್ಕೆ ದಾರಿ ತೋರಿಸಿದಂತೆ. ಎರಡು ವಾರ ನೀರುಣಿಸಿ ಕ್ಯೂರಿಂಗ್. ಆಮೇಲೆ ಇಡೀ ಕಾಂಕ್ರೀಟಿನ ಮೇಲೆ ನೀರು ಹಾಯಿಸಿ ಒಂದು ಗಂಟೆ ಬಿಟ್ಟು ಬನ್ನಿ. ಎಲ್ಲಿ 2 ಮಿ.ಮೀ.ಗಿಂತ ಹೆಚ್ಚು ನಿಂತಿದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಪಾಲಿಮರ್ ಗಾರೆಯಿಂದ ತುಂಬಿಸಿ. ಹಳೇ ಕಣವನ್ನೇ ಸರಿಪಡಿಸುವವರಿಗೂ ಒಂದು ಮಾತು: ಮೇಲೆ ಒಂದಿಂಚು ಸಿಮೆಂಟ್ ಗಾರೆ ಬಳಿದರೆ ಸಿಪ್ಪೆಯಂತೆ ಏಳುತ್ತದೆ.

ನೆಟ್ ಕಂಬಗಳಿಗೆ ಎರಡಿಂಚಿನ 6 ಮೀಟರ್ ಜಿಐ ಪೈಪ್ ಒಂದೇ ಸಾಕು. ನಡುವೆ ಕತ್ತರಿಸಿದರೆ ಮೂರು ಮೂರು ಮೀಟರ್, 55 ಸೆಂ.ಮೀ. ನೆಲದ ಕೊಳವೆಯೊಳಗೆ ಇಳಿದರೆ ಮೇಲೆ 2.45 ಮೀಟರ್ ಉಳಿಯುತ್ತದೆ. ಗಂಡಸರ ವಾಲಿಬಾಲ್ ನೆಟ್ ಎತ್ತರ 2.43. ಕೊಕ್ಕೆ ಬೆಸೆಯಬೇಕಾದ್ದು 2.43, 2.24 (ಹೆಂಗಸರ ವಾಲಿಬಾಲ್), 1.55 (ಷಟಲ್) ಮೀಟರ್ ಮತ್ತು 36 ಇಂಚಿನಲ್ಲಿ (ಪಿಕಲ್‌ಬಾಲ್, ಇದರ ನೆಟ್ ನಡುವೆ 34 ಇಂಚಿಗೆ ಇಳಿಯಬೇಕು). ನೆಲದ ಕೊಳವೆ ಎರಡೂವರೆ ಇಂಚಿನದು, ಎರಡರ ನಡುವೆ 22 ಅಡಿ. ಷಟಲ್ ನೆಟ್‌ನ ಅಂಚಿಗೆ ಉಳಿಯುವ ಒಂದೊಂದಡಿಯನ್ನು ಹಗ್ಗ ತುಂಬುತ್ತದೆ. ಕೊಳವೆಯ ತಳ ತೆರೆದಿರಲಿ, ಕೆಳಗೆ ಜಲ್ಲಿ ತುಂಬಿ. ಮುಚ್ಚಿದರೆ ನೀರು ನಿಂತು ಪೈಪ್ ತುಕ್ಕು ಹಿಡಿಯುತ್ತದೆ. ಮುಚ್ಚಳ ನೆಲಮಟ್ಟಕ್ಕಿರಲಿ, ಕಾಫಿ ಎಳೆಯುವಾಗ ಹಲಗೆಗೆ ತಗಲಬಾರದು. ರಿಂಗ್ ಕಂಬ ಕಾಂಕ್ರೀಟ್ ಹಾಸಿನ ಹೊರಗೆ, ಬೇರೆ ಪಾಯದಲ್ಲಿ, ನಾಲ್ಕಡಿ ಆಳ. ರಿಂಗ್ ಎತ್ತರ 3.05 ಮೀಟರ್.

ಕಾಫಿ ಒಣಗಿಸುವುದಾದರೆ ಅಕ್ರಿಲಿಕ್ ಬಣ್ಣ ಇಡೀ ಕಾಂಕ್ರೀಟಿಗೆ ಬೇಡ, ಗೆರೆ ಮಾತ್ರ ಸಾಕು, ಅದೂ 28 ದಿನ ಕಳೆದ ಮೇಲೆ. 44×20ರ ಕರ್ಣ 48 ಅಡಿ 4 ಇಂಚು ಬಂದರೆ ಮೂಲೆಗಳು ಸರಿ. ಷಟಲ್‌ನ ಸರ್ವಿಸ್ ಗೆರೆ ನೆಟ್‌ನಿಂದ ಆರೂವರೆ ಅಡಿಗೆ, ಪಿಕಲ್‌ಬಾಲ್‌ನ ಕಿಚನ್ (ನೆಟ್ ಪಕ್ಕದ, ಪುಟಿಯದ ಚೆಂಡು ಹೊಡೆಯಬಾರದ ಜಾಗ) ಗೆರೆ ಏಳಡಿಗೆ. ನಡುವೆ ಅರ್ಧ ಅಡಿ ಮಾತ್ರ. ಒಂದೇ ಬಣ್ಣ ಬಳಿದರೆ ಪ್ರತಿ ಸರ್ವಿಸ್‌ಗೂ ಜಗಳ. ಷಟಲ್‌ಗೆ ಬಿಳಿ, ಪಿಕಲ್‌ಬಾಲ್‌ಗೆ ಹಳದಿ. ಕೆಳಗಿನ ಬದಿಗೆ ಹತ್ತಡಿ ಎತ್ತರದ ಬಲೆ ಕಟ್ಟಿಸಿ, ಇಲ್ಲದಿದ್ದರೆ ಚೆಂಡು ತರಲು ತೋಟಕ್ಕಿಳಿದವರು ಜಿಗಣೆ ಹತ್ತಿಸಿಕೊಂಡು ಬರುತ್ತಾರೆ.